ಪೂಜೆಯ ಫೋಟೋದೊಳಗಿನ ಹೆಂಗಸು

ಗೆಳತಿ ರತ್ನಮಾಲಾ ತೀರಿಕೊಂಡು ಎರಡು ತಿಂಗಳಾಯಿತು. ಇಚಲಕರಂಜಿಯಿಂದ ಹೊರಡುವ ಬಸ್ಸಿನಲ್ಲಿ ಕಿಟಕಿಯ ಸೀಟು ಈಗ ನನಗೇ ಸಿಗುತ್ತದೆ. ಅದಕ್ಕಾಗಿ ವರ್ಷಗಟ್ಟಲೆ ನಾವಿಬ್ಬರೂ ಜಗಳಾಡಿದ್ದೆವು. ಈಗ ಅಲ್ಲಿ ಕುಳಿತರೆ ಹೊರಗೆ ನೋಡುವ ಮನಸ್ಸಾಗುವುದಿಲ್ಲ.

ಆಕೆ ಕೊಲ್ಹಾಪುರದಲ್ಲಿ ಜವಳಿ ಡಿಪ್ಲೊಮಾ ಮುಗಿಸಿ, ಇಚಲಕರಂಜಿಯ ಮಗ್ಗಗಳಿಗೆ ಸೀರೆಯ ಅಂಚಿನ ನಮೂನೆ ಬರೆದುಕೊಡುತ್ತಿದ್ದಳು. ಕೆಲಸ ಬಿಟ್ಟ ಮೇಲೆ ಹಳೆಯ ಫೋಟೋಗಳ ಹುಚ್ಚು ಹಿಡಿಯಿತು. ಆಕೆಯ ತಮ್ಮ ಮಹಾವೀರ ಒಮ್ಮೆ ಒಂದು ಫೋಟೋ ತೋರಿಸಿ, ಅಜ್ಜ ತರುಣನಿದ್ದಾಗಿನದು ಎಂದನಂತೆ. “ಅಜ್ಜನ ಕಾಲದಾಗ ಇಂಥಾ ಆನಿಕಿವಿ ಕಾಲರ್ ಎಲ್ಲಿತ್ತೋ? ಇವ ನಮ್ಮ ಕಾಕಾ. ಇಷ್ಟು ದಿನ ಕಾಕಾಗ ಅಜ್ಜ ಅಂತ ಕೈ ಮುಗದೀಯಲ್ಲ” ಎಂದಳು. ಅಲ್ಲಿಂದ ಶುರು. ಯಾರಾದರೂ ಫೋಟೋ ತಂದರೆ ಮೊದಲು ಮುಖದ ಮೇಲೆ ಒಂದು ಕಾಗದದ ಚೂರು ಇಡುತ್ತಿದ್ದಳು. ಮುಖ ನೋಡಿದರೆ ನಮಗೆ ಬೇಕಾದವರೇ ಕಾಣುತ್ತಾರೆ ಎಂಬುದು ಆಕೆಯ ಮಾತು. ತೋಳು, ಸೆರಗು, ಒಡವೆ, ಆಮೇಲೆ ಸ್ಟುಡಿಯೋದ ಜಮಖಾನೆ, ಕುರ್ಚಿ, ಹಿಂದಿನ ಪರದೆ ಎಲ್ಲ ಮುಗಿದ ಮೇಲೆ ಕಾಗದ ತೆಗೆಯುತ್ತಿದ್ದಳು.

ಹೋದ ವರ್ಷ ಪಕ್ಕದ ಓಣಿಯ ಬಾಳವ್ವ ಆಕೆಯ ಮನೆಗೆ ಬಂದಾಗ ನಾನೂ ಅಲ್ಲಿದ್ದೆ. ಎಂಬತ್ತರ ಆಸುಪಾಸಿನ ಲಿಂಗಾಯತ ಹೆಂಗಸು, ತವರು ಗಡಹಿಂಗ್ಲಜ. ೧೯೪೫ರಲ್ಲಿ ಬಾಳವ್ವನನ್ನು ಹೆತ್ತು ಅವರ ತಾಯಿ ತಂಗೆವ್ವ ಬಾಣಂತಿಯಾಗಿರುವಾಗಲೇ ತೀರಿಕೊಂಡಿದ್ದಳು. ತಂಗೆವ್ವ ಅಪ್ಪನ ಎರಡನೆಯ ಹೆಂಡತಿ. ಮೊದಲನೆಯವಳು ಬಸಲಿಂಗವ್ವ, ಒಬ್ಬ ಮಗನನ್ನು ಬಿಟ್ಟು ೧೯೪೨ರಲ್ಲಿ ಸತ್ತಿದ್ದಳು. ತವರಿನಲ್ಲಿ ಇದ್ದುದು ಒಂದೇ ಫೋಟೋ: ಅಪ್ಪ ಕುರ್ಚಿಯಲ್ಲಿ, ಪಕ್ಕದಲ್ಲಿ ನಿಂತ ಹೆಂಗಸು. ಆ ಹೆಂಗಸು ಬಸಲಿಂಗವ್ವ ಎಂದು ಮನೆಯಲ್ಲಿ ಪೂಜೆ ನಡೆಯುತ್ತಿತ್ತು. ಈಚೆಗೆ ಜಯಸಿಂಗಪುರದ ಒಂದು ಮದುವೆಯಲ್ಲಿ ಮುಪ್ಪಿನ ಸಂಬಂಧಿಯೊಬ್ಬರು, ನಿಮ್ಮವ್ವ ಒಮ್ಮೆ ಕೊಲ್ಹಾಪುರಕ್ಕೆ ಫೋಟೋ ತೆಗೆಸಲು ಹೋಗಿದ್ದಳು ಎಂದು ಬಾಳವ್ವನಿಗೆ ಹೇಳಿದ್ದರು. ಅಂದಿನಿಂದ ಅವರಿಗೆ ನಿದ್ದೆಯಿಲ್ಲ. ತಾಯಿಯ ಮುಖ ಅವರು ಕಂಡಿರಲಿಲ್ಲ.

“ನೀವು ಹೂಂ ಅಂದ್ರ ಸಾಕ್ರಿ ಬಾಯಿ, ನಾ ನಂಬತೀನಿ” ಎಂದರು ಬಾಳವ್ವ.

“ನಾ ಹೂಂ ಅಂದ್ರ ಅದು ನಿಮ್ಮವ್ವ ಆಗೂದಿಲ್ರಿ. ನೋಡಿ ಹೇಳತೀನಿ. ಅಲ್ಲ ಅಂದ್ರೂ ಕೇಳಬೇಕ ನೀವು” ಎಂದಳು ರತ್ನಮಾಲಾ.

ಮೂವರೂ ಗಡಹಿಂಗ್ಲಜಕ್ಕೆ ಹೋದೆವು. ಆ ಮನೆಯಲ್ಲಿ ಈಗ ಇರುವವನು ಸಿದ್ಧಲಿಂಗ, ಬಸಲಿಂಗವ್ವನ ಮೊಮ್ಮಗ. ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಚಹಾ ಕೊಟ್ಟು, ದೇವರ ಕೋಣೆಯ ಫೋಟೋ ತೋರಿಸಿದ. ಗಾಜಿನ ಮೇಲೆ ವಿಭೂತಿ ಕುಂಕುಮದ ಪದರು, ಕೊರಳು ಮುಚ್ಚುವಂತೆ ಗಂಧದ ಹಾರ.

ಹಿಂದಿನ ಪರದೆಯಲ್ಲಿ ಕೆರೆ, ಮೆಟ್ಟಿಲು. ಅದರ ಕೆಳಮೂಲೆ ಹರಿದು ತೇಪೆ ಹಾಕಿದ್ದರು. ಅದೇ ಸ್ಟುಡಿಯೋದ ಅದೇ ಪರದೆಯ ಮುಂದೆ ೧೯೪೧ರಲ್ಲಿ ತೆಗೆಸಿದ ಮದುವೆಯ ಫೋಟೋ ಒಂದು ರತ್ನಮಾಲಾಳ ಸಂಗ್ರಹದಲ್ಲಿತ್ತು; ಅದರಲ್ಲಿ ತೇಪೆ ಇರಲಿಲ್ಲ. ಹೆಂಗಸು ತೊಟ್ಟಿದ್ದು ಮುಂದೆ ಗಂಟು ಹಾಕುವ ಖಣದ ಕುಬಸವಲ್ಲ, ತೋಳಿಗೆ ಸಣ್ಣ ನಿರಿಗೆ ಹಿಡಿದ ಪೋಲ್ಕಾ ರವಿಕೆ. ಅದೂ ಆ ಕಾಲಕ್ಕೆ ಹೊಂದುತ್ತಿತ್ತು.

“ನಲವತ್ತೊಂದರ ಆಮ್ಯಾಲಿಂದು” ಎಂದಳು ರತ್ನಮಾಲಾ. “ಆದರ ನಲವತ್ತೆರಡರತನ ಬಸಲಿಂಗವ್ವಾರೂ ಇದ್ರು. ಇಷ್ಟರ ಮ್ಯಾಲ ಹೇಳಾಕ ಬರೂದಿಲ್ಲ. ಗಾಜು ತಗದು ನೋಡಬೇಕು.”

ಸಿದ್ಧಲಿಂಗನಿಗೆ ಸರಿಬರಲಿಲ್ಲ. “ಪೂಜಾದ ಫೋಟೋ ಬಿಚ್ಚತಾರೇನ್ರಿ? ಇಷ್ಟು ವರ್ಷ ಆದ ಮ್ಯಾಲ ನಮ್ಮ ಅಜ್ಜೀನ್ನ ಯಾಕ ಎಬ್ಬಸತೀ ಅತ್ತಿ?”

“ನಿಮ್ಮ ಅಜ್ಜಿಗೆ ನಾ ಏನ್ ಮಾಡಾಕತ್ತೇನೋ ಸಿದ್ಯಾ. ನನಗ ನಮ್ಮವ್ವ ಹೌದೋ ಅಲ್ಲೋ ಗೊತ್ತಾಗಲಿ.”

“ಅಲ್ಲ ಅಂತ ಆದ್ರ?”

“ಆದ್ರ ಕೈ ಮುಗದು ಬಸ್ ಹತ್ತತೀನಿ.”

ಅವನು ಗೋಡೆಯಿಂದ ಇಳಿಸಿದ. “ಹಿರಿಯಾಕಿ ಸಿಟ್ಟಾದ್ರ ನೀವ ಜವಾಬ್ದಾರ್ರಿ ಬಾಯಿ.”

“ಆಗಲಿ ಬಿಡ್ರಿ. ನಾವು ಜೈನರು, ನಮ್ಮ ಮನೀ ದಾರಿ ಆಕಿಗೆ ಗೊತ್ತಿರೂದಿಲ್ಲ.”

ಸಿದ್ಧಲಿಂಗ ನಕ್ಕುಬಿಟ್ಟ. ಹಾರ ತೆಗೆದು, ಹಿಂದಿನ ಮೊಳೆ ಕಿತ್ತು, ಫೋಟೋ ಹೊರಗೆಳೆದ. ರತ್ನಮಾಲಾ ಚೀಲದಿಂದ ಬಟ್ಟೆಯ ಎಳೆ ಎಣಿಸುವ ಭೂತಗನ್ನಡಿ ತೆಗೆದು ಹೆಂಗಸಿನ ಕೊರಳಿನ ಮೇಲೆ ಇಟ್ಟು ಬಾಗಿದಳು. ಆಮೇಲೆ ಭೂತಗನ್ನಡಿ ನನ್ನ ಕೈಗೆ ಕೊಟ್ಟಳು. ತಾಳಿಯ ಕರಿಮಣಿಗಳ ನಡುವೆ ಉಗುರಿನಷ್ಟು ಸಣ್ಣ ತಗಡು. ಅದರ ಮೇಲೆ ಒಂದು ಹೆಣ್ಣಿನ ಆಕೃತಿ ಬಡಿದಿದ್ದರು. ಸವತಿಯ ಟಾಕ. ನಮ್ಮ ಕಡೆಯ ಕೆಲವು ಮನೆಗಳಲ್ಲಿ, ಮೊದಲ ಹೆಂಡತಿ ಸತ್ತ ಮೇಲೆ ಮದುವೆಯಾಗಿ ಬಂದವಳು ಸತ್ತವಳ ಹೆಸರಿನಲ್ಲಿ ಅದನ್ನು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದಳು. ಹೊಸ ಸೀರೆ ತಂದರೆ ಮೊದಲು ಅದಕ್ಕೆ ಮುಟ್ಟಿಸಿ ಆಮೇಲೆ ತಾನು ಉಡುತ್ತಿದ್ದಳು.

“ಮೊದಲನೇದಾಕಿ ಕೊರಳಾಗ ಇದು ಇರಾಕ ಶಕ್ಯ ಇಲ್ಲ” ಎಂದಳು ರತ್ನಮಾಲಾ. “ಇಕಿ ತಂಗೆವ್ವ. ನಲವತ್ಮೂರೋ ನಲವತ್ನಾಲ್ಕೋ, ಅದಕ್ಕಿಂತ ಬರೋಬ್ಬರಿ ಹೇಳಾಕ ನನಗ ಆಗೂದಿಲ್ಲ.”

ತಪ್ಪು ಹೇಗಾಗಿರಬೇಕೆಂದು ಆಮೇಲೆ ಮಾತಾಡುತ್ತ ಊಹಿಸಿದೆವು. ವರ್ಷದ ಹಿರಿಯರ ಪೂಜೆಯಲ್ಲಿ ಎಡೆ ಸಲ್ಲಬೇಕಾದವಳು ಬಸಲಿಂಗವ್ವ. ಆಕೆ ಮುನಿದರೆ ಮನೆಗೆ ಒಳ್ಳೆಯದಲ್ಲವೆಂಬ ಅಂಜಿಕೆ. ಎಡೆ ಇಡಲು ಎದುರಿಗೊಂದು ಮುಖ ಬೇಕಿತ್ತು. ಇದ್ದ ಒಂದು ಫೋಟೋ ಇಟ್ಟರು. ಗೊತ್ತಿದ್ದವರು ಸತ್ತ ಮೇಲೆ ಅದು ಬಸಲಿಂಗವ್ವನದೇ ಆಯಿತು. ಹಾರ ಹಾಕಿದ ಮೇಲೆ ಕೊರಳನ್ನು ಯಾರೂ ನೋಡಲಿಲ್ಲ.

ಸಿದ್ಧಲಿಂಗ ಗೋಡೆಯ ಖಾಲಿ ಮೊಳೆ ನೋಡುತ್ತ ನಿಂತಿದ್ದ. “ಹಂಗಾರ ನಮ್ಮ ಅಜ್ಜಿದು ಫೋಟೋನ ಇಲ್ಲ.”

ರತ್ನಮಾಲಾ ಅವನಿಗೆ ಭೂತಗನ್ನಡಿ ಕೊಟ್ಟಳು. “ಆ ತಗಡಿನ್ಯಾಗ ಇರಾವರ ನಿಮ್ಮ ಅಜ್ಜಿ ನೋಡ್ರಿ. ಮುಖ ಅವರದು ಅಂತ ನಾ ಅನ್ನೂದಿಲ್ಲ, ಅಕ್ಕಸಾಲಿಗ ಎಲ್ಲಾರಿಗೂ ಒಂದ ಮುಖ ಬಡೀತಿದ್ದ. ಆದರ ಅವರ ಹೆಸರಲೇ ಮಾಡಿಸಿದ್ದು.”

ಅವನು ಕಿಟಕಿಯ ಬಳಿ ಒಯ್ದು ನೋಡಿದ. ಬಾಳವ್ವ ಹಿಂದಿನಿಂದ, “ಇನ್ನಮ್ಯಾಲ ಎರಡು ಎಡಿ ಹಿಡಿಯೋ ಸಿದ್ಯಾ” ಎಂದರು.

“ಫೋಟೋ ಒಂದ ಐತಲ್ಲ ಅತ್ತಿ.”

“ಉಣ್ಣಾವರು ಇಬ್ಬರದಾರಲ್ಲ.”

ಆಮೇಲೆ ಅವನು ಫೋಟೋ ತಂದು ಬಾಳವ್ವನ ತೊಡೆಯ ಮೇಲಿಟ್ಟ. ಅವರು ಕನ್ನಡಕ ಒರೆಸಿ ನೋಡಿದರು. ಫೋಟೋದ ಹೆಂಗಸಿಗೆ ಹೆಚ್ಚೆಂದರೆ ಇಪ್ಪತ್ತು ವರ್ಷ. ಅಂಚನ್ನು ಹೆಬ್ಬೆರಳಿನಿಂದ ಸವರುತ್ತ, “ಭಾಳ ಸಣ್ಣಾಕಿ ಅದಾಳಲ್ರಿ ಇಕಿ” ಎಂದರು. “ನನ್ನ ಮೊಮ್ಮಗಳಿಗಿಂತ ಸಣ್ಣಾಕಿ. ಇಂಥಾ ಹುಡಿಗಿಗೆ ನಾ ಅವ್ವಾ ಅಂತ ಹೆಂಗ ಅನ್ನಲಿ?”

ನಾನು ಏನೋ ಹೇಳಲು ಬಾಯಿ ತೆರೆದೆ. ರತ್ನಮಾಲಾ ನನ್ನ ಮೊಣಕೈ ಹಿಡಿದು ಎಬ್ಬಿಸಿದಳು. “ಏಳ್ರಿ, ಬಸ್ ತಪ್ಪತೈತಿ” ಎಂದು ಸಿದ್ಧಲಿಂಗನನ್ನೂ ಕರೆದುಕೊಂಡು ಹೊರಗಿನ ಕಟ್ಟೆಗೆ ಬಂದಳು. ಬಾಗಿಲು ಮುಂದೆ ಮಾಡಿದಳು. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಒಳಗಿನಿಂದ ಏನೂ ಕೇಳದಿರಲೆಂದು ಆಕೆ ಸಿದ್ಧಲಿಂಗನಿಗೆ ಗೊಬ್ಬರದ ದರ ಕೇಳುತ್ತ ಕುಳಿತಳು.