ಏಳು ಚೂರು ತಾಮ್ರ

ಗೆಳೆಯರೇ, ಬೆಳಗಿನಿಂದ ಮಾಡಿದ ಕೆಲಸ ಮಣ್ಣುಪಾಲಾಯಿತು. ಬೈಯೋಣವೆಂದರೆ ಈ ಸಲ ಸರ್ಕಾರವೂ ಸಿಗುತ್ತಿಲ್ಲ.

ಮೊಬೈಲ್ ಟವರಿನಿಂದ ಕಳಚಿ ಗುಜರಿಗೆ ಹಾಕಿದ್ದ, ಸಿಗ್ನಲ್ಲಿನ ಬಲ ಹೆಚ್ಚಿಸುವ ಮೈಕ್ರೋವೇವ್ ಆಂಪ್ಲಿಫೈಯರನ್ನು ನಮ್ಮಂಥ ಹವ್ಯಾಸಿಗಳ ಹ್ಯಾಮ್ ರೇಡಿಯೊ ಬ್ಯಾಂಡಿಗೆ ಒಗ್ಗಿಸುತ್ತಿದ್ದೆ. ಅಕ್ಕಿಕಾಳಿನಷ್ಟು ತಾಮ್ರದ ಚೂರುಗಳನ್ನು ಬೋರ್ಡಿನ ಮೇಲಿಟ್ಟು, ಬಿದಿರುಕಡ್ಡಿಯಿಂದ ಕೂದಲೆಳೆಯಷ್ಟು ಸರಿಸುತ್ತ, ಮೀಟರಿನ ಮುಳ್ಳು ಏರುವ ಜಾಗ ಹುಡುಕಬೇಕು. ಏಳೂ ಚೂರುಗಳಿಗೆ ಜಾಗ ಸಿಕ್ಕಿತ್ತು, ಬೆಸುಗೆಯಷ್ಟೇ ಬಾಕಿ. ಸಂಜೆ ಐದಕ್ಕೆ ಗೆಳೆಯನೊಬ್ಬ ಎದುರು ಬೆಟ್ಟ ಹತ್ತಿ ರೇಡಿಯೊದಲ್ಲಿ ನನ್ನ ದನಿಗೆ ಕಾಯುವವನಿದ್ದ.

ಅಷ್ಟರಲ್ಲಿ ಗೌರಕ್ಕ ಬಂದರು. ಇದೇ ಶನಿವಾರಸಂತೆ ಊರಿನಲ್ಲಿ ಟವರ್ ಬೇಡವೆಂದು ನನ್ನೊಂದಿಗೆ ಧರಣಿ ಕೂತ ನಮ್ಮ ಹೋರಾಟ ಸಂಘದವರು.

"ಏನಣ್ಣಾ, ಟವರ್ ಬ್ಯಾಡ ಅಂತ ನಮ್ ಕೈಲಿ ಕೂಗ್ಸಿ, ಈಗ ಅದ್ರ ಕರುಳನ್ನೇ ಮನೇಗ್ ತಂದಿದೀರಾ?"

"ಕಂಪನಿ ಬಿಸಾಕಿದ್ದು ಗೌರಕ್ಕ. ನಾನು ಬಿಡುಗಡೆ ಮಾಡ್ತಿದೀನಿ. ಇನ್ಮೇಲೆ ಇದ್ರಲ್ಲಿ ಜನ ಮಾತಾಡ್ತಾರೆ. ಆಕಾಶ ಯಾರಪ್ಪನ ಸ್ವತ್ತೂ ಅಲ್ಲ!"

ಕೊನೆಯ ಮಾತಿಗೆ ಅಭ್ಯಾಸಬಲದಿಂದ ಮೇಜು ಕುಟ್ಟಿದೆ. ಏಳೂ ಚೂರುಗಳು ಹಾರಿದವು. ಮುಳ್ಳು ಸೊನ್ನೆಗೆ ಬಿತ್ತು.

"ಸಂಘದ ಮೀಟಿಂಗಲ್ಲಿ ಕಾಫಿ ಲೋಟ ಬೀಳ್ಸೋದು ಸಾಲ್ದಾಯ್ತಾ?" ಎನ್ನುತ್ತಲೇ ಗೌರಕ್ಕ ಕನ್ನಡಕ ಏರಿಸಿ ನೆಲದಲ್ಲಿ ಕೂತು ಹುಡುಕಿದರು. ಐದು ಸಿಕ್ಕವು. ಸಿಕ್ಕರೇನು, ಯಾವುದು ಎಲ್ಲಿತ್ತೆಂದು ಗುರುತು ಹಾಕಿರಲಿಲ್ಲ.

ಐದು ಗಂಟೆಗೆ ಬೆಟ್ಟದಿಂದ ಗೆಳೆಯ ಫೋನ್ ಮಾಡಿದ, ನಾವು ಬೇಡವೆಂದ ಟವರಿನ ಮೂಲಕವೇ. "ಮಾರಾಯ, ನಿನ್ ದನಿ ಬರ್ತಿಲ್ಲ, ಕಾಲ್ಮೇಲೆ ಬರೀ ಜಿಗಣೆ ಬರ್ತಾವೆ!"

ಮೂವತ್ತು ವರ್ಷ ಎಷ್ಟೋ ಕಚೇರಿಗಳ ಮೇಜು ಕುಟ್ಟಿದ್ದೇನೆ. ಒಂದು ಕಡತವೂ ಅಲುಗಿರಲಿಲ್ಲ. ಇಂದು ಒಂದೇ ಏಟಿಗೆ ಏಳು ಅಲುಗಿದವು.