ಇಡ್ಲಿ ತಟ್ಟೆಯಲ್ಲಿ ಇಲಿಯ ಬುರುಡೆ

ಸ್ಕೂಟರಿನ ಸೀಟು ಎತ್ತಿದ ಕೂಡಲೇ ಆ ವಾಸನೆ ಮೂಗಿಗೆ ಹೊಡೆಯಿತು. ಒದ್ದೆ ರೋಮ, ಇಲಿ ಉಚ್ಚೆ, ಕಡಿದ ವೈರಿನ ಪ್ಲಾಸ್ಟಿಕ್ಕು ಎಲ್ಲ ಕಲಸಿಕೊಂಡ ಒಂದು ಹುಳಿ ವಾಸನೆ. ಕಮ್ಮನಹಳ್ಳಿಯ ಮೆಕ್ಯಾನಿಕ್ಕು ಸ್ಕ್ರೂಡ್ರೈವರಿನ ತುದಿಯಲ್ಲಿ ಒಂದು ಗೂಡನ್ನು ಎತ್ತಿ ತೋರಿಸಿದ. ನನ್ನದೇ ಗಾಡಿಯ ಕಾಗದಪತ್ರಗಳನ್ನು ಹರಿದು ಕಟ್ಟಿದ ಗೂಡು. "ಮೂರನೇ ಸಲ ಗುರು ಇದು. ಗಾಡಿ ಓಡಿಸ್ತೀಯೋ, ಇಲಿ ಸಾಕ್ತೀಯೋ?" ಅಂದ. ಊರಿನವರನ್ನೆಲ್ಲ ಅಣಕಿಸಿಕೊಂಡು ತಿರುಗುವವನು ನಾನು. ಇವನ ಮೂಗಿನ ಧ್ವನಿಯನ್ನು ಹಿಡಿಯಲು ನನಗೆ ಎರಡು ನಿಮಿಷ ಸಾಕು. ಆದರೆ ಅವತ್ತು ಅದಕ್ಕೆ ಮನಸ್ಸು ಹೋಗಲಿಲ್ಲ. ಆ ವಾಸನೆಯ ಹಿಂದೆಯೇ ನಮ್ಮ ಮಿಸ್ಸಿನ ಅಡುಗೆಮನೆ ಬಂದು ನಿಂತಿತ್ತು…

ಮಿಸ್ಸು ನನಗೆ ಹೈಸ್ಕೂಲಿನಲ್ಲಿ ಬಯಾಲಜಿ ಕಲಿಸಿದವರು. ಸಿ.ವಿ. ರಾಮನ್ ನಗರದ ನಮ್ಮ ಹಳೇ ಕಾಲನಿಯಲ್ಲಿ, ನಮ್ಮದೇ ಸಿ ಬ್ಲಾಕಿನ ಕೊನೆಯ ಮಹಡಿಯಲ್ಲಿ ಒಬ್ಬರೇ ಇದ್ದರು. ತವರು ಫ್ರೇಜರ್ ಟೌನು. ಮನೆಮಾತು ದಖ್ನಿ ಉರ್ದು, ಪಾಠ ಇಂಗ್ಲಿಷಿನಲ್ಲಿ, ಬೈಗುಳ ಕನ್ನಡದಲ್ಲಿ. ಎಂಟನೇ ಕ್ಲಾಸಿನಿಂದಲೇ ನಾನು ಅವರ ಮಿಮಿಕ್ರಿ ಮಾಡುತ್ತಿದ್ದೆ. ಒಂದು ದಿನ ಅವರು ಕ್ಲಾಸಿನ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡು, "ಚೆನ್ನಾಗಿದೆ ರೇ. ಆದ್ರೆ ನಾನು ಕನ್ನಡಕ ಏರಿಸೋದು ಎಡಗೈಯಲ್ಲಿ" ಎಂದು ತಿದ್ದಿದರು. ನನ್ನ ಉತ್ತರಪತ್ರಿಕೆಯನ್ನು ತಿದ್ದುವಷ್ಟೇ ನಿರ್ದಯವಾಗಿ ತಿದ್ದಿದರು. ಅಂದಿನಿಂದ ನಾನು ಎಡಗೈಯನ್ನೇ ಬಳಸುತ್ತಿದ್ದೆ.

ಅವರಿಗೆ ಬೇಟೆಹಕ್ಕಿಗಳ ಹುಚ್ಚು ಹಿಡಿದದ್ದು ಶಿವಾಜಿನಗರದ ಮಾರ್ಕೆಟ್ಟಿನಲ್ಲಂತೆ. ಚಿಕ್ಕವರಿದ್ದಾಗ ಅಪ್ಪನ ಜೊತೆ ಹೋಗಿದ್ದರು. ಅಪ್ಪನ ಕೈಯಲ್ಲಿದ್ದ ಕೀಮಾ ಪೊಟ್ಟಣವನ್ನು ಹದ್ದೊಂದು ಮೇಲಿನಿಂದ ಬಂದು ಎತ್ತಿಕೊಂಡು ಹೋಯಿತು. ಅಪ್ಪನಿಗೆ ಹದ್ದಿನ ನೆರಳು ಮಾತ್ರ ಕಂಡಿತ್ತು. "ಕೈಗೆ ಒಂದು ಗೀರಿಲ್ಲ ರೇ! ಪೊಟ್ಟಣದ ದಾರ ಮಾತ್ರ ಬೆರಳಲ್ಲಿ!" ಎಂದು ಅದನ್ನು ಪ್ರತಿ ಬ್ಯಾಚಿಗೂ ಹೇಳುತ್ತಿದ್ದರು, ಅಪ್ಪ ಕಳ್ಳನಿಗೆ ಬೈಯುವಂತೆ ಆಕಾಶಕ್ಕೆ ಬೈದದ್ದನ್ನೂ ಸೇರಿಸಿ. ಹದ್ದಿನದು ಕಣ್ಣಿನ ಬೇಟೆ, ಗೂಬೆಯದು ಕಿವಿಯ ಬೇಟೆ ಎಂಬುದು ನನಗೆ ಪರೀಕ್ಷೆಗೆ ಬಾರದಿದ್ದರೂ ನೆನಪಿನಲ್ಲಿ ಉಳಿದ ಪಾಠ.

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ನಮ್ಮ ಬ್ಲಾಕಿನ ತಾರಸಿಯಲ್ಲಿದ್ದ ಹಳೇ ಸಿಮೆಂಟು ಟ್ಯಾಂಕಿಗೆ ಕಣಜದ ಗೂಬೆಗಳ, ಅಂದರೆ ಬಿಳಿ ಮುಖದ ಬಾರ್ನ್ ಔಲ್‌ಗಳ, ಜೋಡಿಯೊಂದು ಬಂದು ಸೇರಿತು. ಆ ಟ್ಯಾಂಕಿಗೆ ನೀರು ಬಿಡುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು. ಪಕ್ಕದಲ್ಲಿ ಒಂದು ತೂತಿತ್ತು. ಮಿಸ್ಸು ಬೆಳಿಗ್ಗೆ ತಾರಸಿಗೆ ಹೋಗಿ, ಟ್ಯಾಂಕಿನ ಕೆಳಗೆ ಬಿದ್ದಿರುತ್ತಿದ್ದ ಕಪ್ಪು ಉಂಡೆಗಳನ್ನು ಆರಿಸಿಕೊಂಡು ಬರುತ್ತಿದ್ದರು. ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಅರಗದ ರೋಮವನ್ನೂ ಮೂಳೆಯನ್ನೂ ಉಂಡೆ ಮಾಡಿ ಕಕ್ಕುತ್ತದೆ. ಆ ಉಂಡೆಗಳನ್ನು ಅಡುಗೆಮನೆಯಲ್ಲಿ ಬಿಸಿನೀರಿಗೆ ಹಾಕಿ, ಬಿಡಿಸಿ, ಒಳಗಿದ್ದ ಬುರುಡೆಗಳನ್ನು ಚಿಮಟದಲ್ಲಿ ತೆಗೆಯುವುದು ಅವರ ಸಂತೋಷ. ಒಂದು ಸಲ ನನ್ನನ್ನೂ ಕೂರಿಸಿದರು. ಕಿರುಬೆರಳಿನ ಉಗುರಿನಷ್ಟು ದವಡೆ, ಅದರಲ್ಲಿ ಹಳದಿ ಹಲ್ಲು. ಆ ಒದ್ದೆ ರೋಮದ ವಾಸನೆಗೆ ಮೂರು ದಿನ ನನಗೆ ಊಟ ಸೇರಲಿಲ್ಲ.

ಒಂದು ಸಂಜೆ, ಬೆಳಕು ಇನ್ನೂ ಪೂರ್ತಿ ಹೋಗದ ಹೊತ್ತಿನಲ್ಲಿ, ನನ್ನನ್ನು ತಾರಸಿಯಲ್ಲಿ ನಿಲ್ಲಿಸಿದರು. ಟ್ಯಾಂಕಿನೊಳಗೆ ನಾಲ್ಕು ಮರಿಗಳು ಬುಸ್ಸೆಂದು ಹಸಿವು ಹೇಳುತ್ತಿದ್ದವು. ತಾಯಿಯೋ ತಂದೆಯೋ, ಬಿಳಿಯ ಹಕ್ಕಿಯೊಂದು ನನ್ನ ತಲೆಯ ಮೇಲೆ ಒಂದು ಮೊಳದ ಅಂತರದಲ್ಲಿ ಹಾದುಹೋಯಿತು. ಗಾಳಿ ಕೂಡ ಅಲುಗಲಿಲ್ಲ. ರೆಕ್ಕೆಯ ಅಂಚಿನಲ್ಲಿ ಬಾಚಣಿಗೆಯಂಥ ಎಳೆಗಳಿವೆ, ಸದ್ದು ಅದರಲ್ಲೇ ಸೋಸಿಹೋಗುತ್ತದೆ ಎಂದರು ಮಿಸ್ಸು. ಮೊರದಂಥ ಆ ಮುಖ ಸದ್ದನ್ನು ಕೂಡಿಹಾಕುತ್ತದೆ. ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ ಇರುವುದರಿಂದ ಕಗ್ಗತ್ತಲಲ್ಲೂ ಎಲೆಯಡಿ ಇಲಿಯ ಕಾಲು ಎಲ್ಲಿದೆ ಎಂದು ಅದಕ್ಕೆ ಗೊತ್ತಾಗುತ್ತದೆ. "ಎಲ್ಲಾರ ವಾಯ್ಸೂ ಮಾಡ್ತೀಯಲ್ಲ, ಎಲ್ಲಿ, ಇದನ್ನ ಮಾಡಿ ತೋರ್ಸು ನೋಡೋಣ" ಎಂದು ಕೆಣಕಿದರು. ಸದ್ದೇ ಇಲ್ಲದ್ದನ್ನು ಹೇಗೆ ಮಾಡುವುದು? ನಾನು ಹಲ್ಲು ಕಿರಿದೆ.

ಆದರೆ ಗೂಬೆಯ ಕೂಗು ನನಗೆ ಸಿಕ್ಕಿಬಿಟ್ಟಿತ್ತು. ಹರಿದ ತಗಡನ್ನು ಎಳೆದಂಥ ಆ ಕಿರುಚಾಟವನ್ನು ನಾನು ಗಂಟಲಲ್ಲಿ ಕೂರಿಸಿಕೊಂಡೆ. ಸಂಜೆ ಕಲ್ಲುಬೆಂಚಿನ ಮೇಲೆ ಹರಟೆಗೆ ಕೂರುವವರ ಹಿಂದೆ, ಮೋಟಾರ್ ರೂಮಿನ ಮರೆಯಲ್ಲಿ ನಿಂತು ಒಂದು ಬಿಟ್ಟರೆ ಸಾಕು, ಅಂಕಲ್‌ಗಳು ರಾಮ ರಾಮ ಎನ್ನುತ್ತ ಚಪ್ಪಲಿ ಬಿಟ್ಟು ಓಡುತ್ತಿದ್ದರು. ಫ್ರೆಂಡ್ಸು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ವಾರಪೂರ್ತಿ ಕಿರುಚಿದೆ. ಆ ವಾರವೇ ಎರಡನೇ ಮಹಡಿಯ ತಾತ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಸೋಪಿನ ನೀರಿಗೆ ಜಾರಿದೆ ಎಂದು ತಾತನೇ ಆಸ್ಪತ್ರೆಯಲ್ಲಿ ಹೇಳಿದರು. ಯಾರಿಗೆ ಬೇಕು ತಾತನ ಮಾತು! ಗೂಬೆ ಕೂಗಿತ್ತಲ್ಲ. ಮರಿಗಳನ್ನು ತೆಗೆಸಿ ಟ್ಯಾಂಕಿನ ತೂತಿಗೆ ಜಾಲರಿ ಹೊಡೆಸಬೇಕೆಂದು ಅಸೋಸಿಯೇಷನ್ನಿನ ಸೆಕ್ರೆಟರಿ ಅಂಕಲ್ ನೋಟೀಸು ಅಂಟಿಸಿದರು. ಭಾನುವಾರ ಮೀಟಿಂಗು.

ಶನಿವಾರ ಸಂಜೆ ಮೋಟಾರ್ ರೂಮಿನ ಹಿಂದೆ ನನ್ನ ಕಿವಿಯನ್ನು ಯಾರೋ ಹಿಡಿದರು. ಮಿಸ್ಸು.

"ಗೂಬೆ ಒಂದೇ ಎಳೆತ ಎಳೆದು ನಿಲ್ಲಿಸುತ್ತೆ ರೇ. ನಿನ್ನದು ಕೊನೇಲಿ ಚಪ್ಪಾಳೆ ಕೇಳುತ್ತೆ."

ಅವರೂ ಸದ್ದು ಕೇಳಿಯೇ ನನ್ನನ್ನು ಹಿಡಿದಿದ್ದರು. ಬೈಯಲಿಲ್ಲ. ನಾಳೆ ಮೀಟಿಂಗಿನಲ್ಲಿ ಎದ್ದು ನಿಂತು ನಾನೇ ಕೂಗಿದ್ದು ಎಂದು ಹೇಳಬೇಕು, ಅಷ್ಟೇ ಎಂದರು. "ನೀವೇ ಹೇಳ್ಬಿಡಿ ಮಿಸ್" ಎಂದೆ. "ನಕ್ಕೋ, ಅದೆಲ್ಲ ಬೇಡ. ನಾನು ಹೇಳಿದ್ರೆ ಚಾಡಿ. ನೀನು ಹೇಳಿದ್ರೆ ಸಾಕ್ಷಿ" ಎಂದು ಮೆಟ್ಟಿಲು ಹತ್ತಿದರು. ಇವತ್ತಿಗೂ ನನಗೆ ಅವರ ಮೇಲೆ ಆ ಸಿಟ್ಟಿದೆ. ನನ್ನಂಥವನನ್ನು ನಂಬಿದ ಅವರ ತಲೆಯಲ್ಲಿ ಏನಿತ್ತು? ಎಂಟನೇ ಕ್ಲಾಸಿನಿಂದ ನೋಡಿದ್ದರಲ್ಲ!

ಮೀಟಿಂಗು ಬೆಳಿಗ್ಗೆ ಹನ್ನೊಂದಕ್ಕೆ, ಪಾರ್ಕಿಂಗಿನ ನೆರಳಿನಲ್ಲಿ. ಮಿಸ್ಸು ತಮ್ಮ ಸಾಕ್ಷಿಯನ್ನೂ ತಂದಿದ್ದರು. ತೊಳೆದು ಒಣಗಿಸಿದ ಬುರುಡೆಗಳನ್ನು ಹಳೇ ಇಡ್ಲಿ ತಟ್ಟೆಯಲ್ಲಿ, ಒಂದೊಂದು ಗುಳಿಯಲ್ಲಿ ಒಂದೊಂದು ಉಂಡೆಯದ್ದೆಂದು ವಿಂಗಡಿಸಿ ಇಟ್ಟಿದ್ದರು. ಒಂದು ಉಂಡೆಯಲ್ಲಿ ಎಷ್ಟು ಇಲಿ, ಗೂಬೆಗಳು ನಮ್ಮ ಕಾಲನಿಗೆ ಎಷ್ಟು ಕೆಲಸ ಮಾಡುತ್ತಿವೆ, ಎಲ್ಲರೂ ಕಣ್ಣಾರೆ ನೋಡಲಿ ಎಂಬುದು ಅವರ ಲೆಕ್ಕ. ಕ್ಲಾಸಿನಲ್ಲಿ ಆ ತಟ್ಟೆ ಗೆದ್ದುಬಿಡುತ್ತಿತ್ತು. ಇಲ್ಲಿ ಮುಂದಿನ ಸಾಲಿನ ಆಂಟಿಯರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನ್ನ ಹಿಂದೆ ಒಬ್ಬರು ಮೆಲ್ಲಗೆ, "ಅವರಿಗೇನು, ಮೂಳೆ ಅಭ್ಯಾಸ" ಅಂದರು. ಇನ್ನೊಬ್ಬರು ನಕ್ಕರು. ಮಿಸ್ಸಿಗೆ ಕೇಳಿಸಿತು. ಅವರ ಎಡಗೈ ಕನ್ನಡಕದ ತನಕ ಹೋಗಿ ಸುಮ್ಮನೆ ಕೆಳಗಿಳಿಯಿತು.

ಆಮೇಲೆ ನನ್ನ ಕಡೆ ನೋಡಿದರು. ನಾನು ಎದ್ದೆ.

ಎದ್ದೊಡನೆ ಜನ ನಗತೊಡಗಿದರು. ನಾನಿನ್ನೂ ಒಂದಕ್ಷರ ಆಡಿರಲಿಲ್ಲ. "ಏ ಮಗಾ, ಸೆಕ್ರೆಟರಿ ವಾಯ್ಸಲ್ಲಿ ಹೇಳೋ" ಎಂದು ಹಿಂದಿನಿಂದ ಕೂಗು ಬಂತು. ಸ್ವಂತ ಧ್ವನಿಯನ್ನು ಎಷ್ಟು ಹುಡುಕಿದರೂ ಕೈಗೆ ಸಿಗಲಿಲ್ಲ. ಬಾಯಿಂದ ಬಂದದ್ದು ಸೆಕ್ರೆಟರಿ ಅಂಕಲ್ಲೇ: "ಮಾನ್ಯ ಸದಸ್ಯರೇ, ಮೋಟಾರ್ ರೂಮ್ ಹಿಂದೆ ಕಿರುಚಿದ್ದು ಗೂಬೆಯಲ್ಲ, ನಾನೇ ಎಂದು ಈ ಮೂಲಕ ತಿಳಿಯಪಡಿಸುತ್ತೇನೆ…" ಕುರ್ಚಿಗಳು ಅಲುಗಾಡುವಷ್ಟು ನಗು. ಸೆಕ್ರೆಟರಿ ಅಂಕಲ್ ಕಣ್ಣೊರೆಸಿಕೊಂಡು ನಕ್ಕರು. ನಾನು ಸತ್ಯವನ್ನೇ ಹೇಳಿದ್ದೆ, ಒಂದಕ್ಷರ ಬಿಡದೆ. ಒಬ್ಬರೂ ನಂಬಲಿಲ್ಲ. ಅಲ್ಲಿಗೆ ನಿಲ್ಲಿಸಿ, ಇಲ್ಲ ಸಾರ್, ನಿಜವಾಗ್ಲೂ ನಾನೇ ಎನ್ನಬಹುದಿತ್ತು. ಚಪ್ಪಾಳೆ ಬಿತ್ತು. ನಾನು ತಲೆಬಾಗಿ ಕೂತೆ. ಹಾಳಾದ ಚಪ್ಪಾಳೆ.

ಕೈ ಎತ್ತಿಸಿದರು. ಜಾಲರಿ ಪಾಸಾಯಿತು. ಮಿಸ್ಸು ಇಡ್ಲಿ ತಟ್ಟೆಗೆ ಪೇಪರು ಮುಚ್ಚಿಕೊಂಡು ಮೆಟ್ಟಿಲು ಹತ್ತಿದರು. ಹಕ್ಕಿ ರಕ್ಷಿಸುವವರಿಗೆ ಅವರೇ ಫೋನು ಮಾಡಿದರು. ಮಂಗಳವಾರ ಆ ಹುಡುಗರು ಬಂದು ನಾಲ್ಕು ಮರಿಗಳನ್ನೂ ರಟ್ಟಿನ ಪೆಟ್ಟಿಗೆಯಲ್ಲಿ ಒಯ್ದರು. ನಾಲ್ಕೂ ಒಂದಕ್ಕಿಂತ ಒಂದು ಚಿಕ್ಕವು, ಮೆಟ್ಟಿಲು ಮೆಟ್ಟಿಲಾಗಿ ಕೂತಿದ್ದವು. ಎರಡು ಬದುಕಿದವೆಂದು ಆಮೇಲೆ ತಿಳಿಯಿತು.

ಅದೇ ಸಂಜೆ ನಾನು ತಾರಸಿಗೆ ಹೋದೆ. ಮಿಸ್ಸು ಆಗಲೇ ನೀರಿನ ಪೈಪಿನ ಮೇಲೆ ಕೂತಿದ್ದರು. ಹಕ್ಕಿ ಬಂತು. ಕಾಲಲ್ಲಿ ಇಲಿಯಿತ್ತು. ಹೊಸ ಜಾಲರಿಯ ಮೇಲೆ ಕೂತು ಮುಖವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿತು. "ಕೇಳ್ತಾ ಇದೆ ನೋಡು" ಅಂದರು ಮಿಸ್ಸು. ಎಲೆಯಡಿಯ ಇಲಿಯನ್ನು ಕೇಳಬಲ್ಲ ಆ ಕಿವಿಗೆ ಖಾಲಿ ಟ್ಯಾಂಕಿನಲ್ಲಿ ಏನು ಕೇಳಿಸಿತೋ… ಮರಿಗಳ ಬುಸ್ಸನ್ನು ಅಣಕಿಸುವುದೂ ನನಗೆ ಬರುತ್ತಿತ್ತು. ಅದಕ್ಕೆ ಸಮಾಧಾನವಾಗಲಿ ಎಂದೋ, ನನ್ನ ಚಟಕ್ಕೋ, ತುಟಿ ಕೂಡಿಸಿದೆ. ಮಿಸ್ಸು ನನ್ನ ಬಾಯಿಯ ಮೇಲೆ ಅಂಗೈ ಇಟ್ಟರು. "ನಕ್ಕೋ ರೇ. ಅದಕ್ಕಾದ್ರೂ ಮೋಸ ಮಾಡಬೇಡ."

ಆ ಅಂಗೈಯಲ್ಲೂ ಒದ್ದೆ ರೋಮದ ವಾಸನೆಯಿತ್ತು. ಮರುದಿನವೂ ಹಕ್ಕಿ ಇಲಿ ಹಿಡಿದುಕೊಂಡು ಬಂತು. ಮೂರನೆಯ ದಿನ ಬರಲಿಲ್ಲ.

ಮಿಸ್ಸು ನನ್ನ ಜೊತೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಒಳ್ಳೆಯದಿತ್ತು. ಮೆಟ್ಟಿಲಲ್ಲಿ ಸಿಕ್ಕಾಗ "ಏನು ರೇ, ಊಟ ಆಯ್ತಾ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಮಾರನೆಯ ವರ್ಷ ಫ್ರೇಜರ್ ಟೌನಿನ ತಂಗಿಯ ಮನೆಗೆ ಹೋದರು. ಒಂದು ದಿನ ಹೋಗಿ ಮಾತಾಡಿಸಿ ಬರಬೇಕು, ಸರಿಯಾಗಿ ಕ್ಷಮೆ ಕೇಳಬೇಕು ಎಂದುಕೊಳ್ಳುತ್ತಲೇ ಇದ್ದೆ. ಅಲ್ಲಿನ ಮಾಸ್ಕ್ ರೋಡಿಗೆ ತಿನ್ನಲು ಹೋದಾಗಲೆಲ್ಲ ಅವರ ಗಲ್ಲಿಯ ಮುಂದೆಯೇ ಹಾದುಹೋಗುತ್ತಿದ್ದೆ. ಕೈಯಲ್ಲಿ ಕಬಾಬು ಇರುತ್ತಿತ್ತು, ಜೊತೆಗೆ ಫ್ರೆಂಡ್ಸು. ಎರಡು ವರ್ಷದ ಹಿಂದೆ ತೀರಿಕೊಂಡರಂತೆ. ನನಗೆ ಗೊತ್ತಾಗುವ ಹೊತ್ತಿಗೆ ನಲವತ್ತನೆಯ ದಿನವೂ ಕಳೆದಿತ್ತು. ಹೋದೆ. ಅವರ ತಂಗಿ ಚಹಾ ಕೊಟ್ಟು, "ನೀನೇನಾ ಆಪಾ ಥರ ಮಾತಾಡ್ತಿದ್ದವನು? ಒಂದ್ಸಲ ಮಾಡಪ್ಪ, ಕೇಳೋಣ" ಅಂದರು. ಎಡಗೈ ಎತ್ತಿದೆ. ಅಲ್ಲಿಂದ ಮುಂದೆ ಬರಲಿಲ್ಲ…

ಮೆಕ್ಯಾನಿಕ್ಕು ಇಲಿಗೂಡು ತೆಗೆದ ಮರುದಿನವೇ, ಅಂದರೆ ಕಳೆದ ಭಾನುವಾರ, ಮತ್ತೆ ಅಸೋಸಿಯೇಷನ್ ಮೀಟಿಂಗು ಇತ್ತು. ಈಗ ನಮ್ಮ ಕಾಲನಿಯಲ್ಲಿ ಇಲಿ ಕಡಿಯದ ಗಾಡಿಯಿಲ್ಲ. ಪಾರಿವಾಳಗಳ ಕಾಟ ಬೇರೆ. ಪಾರಿವಾಳ ಹೆದರಿಸಲೆಂದು ಸೆಕ್ರೆಟರಿ ಅಂಕಲ್ ಒಂದು ಪ್ಲಾಸ್ಟಿಕ್ ಗೂಬೆ ತರಿಸಿದ್ದಾರೆ. ಬ್ಯಾಟರಿ ಹಾಕಿದರೆ ಕಣ್ಣು ಕೆಂಪಗಾಗುತ್ತದೆ. ಅದನ್ನು ಕೂರಿಸಿರುವುದು ಅದೇ ಟ್ಯಾಂಕಿನ ಮೇಲೆ. ಮೊದಲ ವಾರ ಪಾರಿವಾಳಗಳು ದೂರವಿದ್ದವು. ಈಗ ಅದರ ತಲೆಯ ಮೇಲೆಯೇ ಕೂತು ಹಿಕ್ಕೆ ಹಾಕುತ್ತವೆ. ಇಲಿಗೂ ಇಂಥದ್ದೇ ಇನ್ನೊಂದು ತರಿಸೋಣವೇ ಎಂದು ಅಂಕಲ್ ಗಂಭೀರವಾಗಿ ಕೇಳಿದರು.

ನಾನು ಎದ್ದು ನಿಂತೆ. ಎಂದಿನಂತೆ ನಗು ಶುರುವಾಯಿತು. ಅದು ನಿಲ್ಲುವ ತನಕ ಕಾದೆ. ಆಮೇಲೆ ಹೇಳಿದೆ. ಅವತ್ತು ಕಿರುಚಿದ್ದು ಗೂಬೆಯಲ್ಲ, ನಾನು. ತಾತ ಬಿದ್ದದ್ದು ಸೋಪಿನ ನೀರಿಗೆ. ಮಿಸ್ಸು ಇಡ್ಲಿ ತಟ್ಟೆಯಲ್ಲಿ ತಂದು ತೋರಿಸಿದ್ದೆಲ್ಲ ನಿಜ. ಆ ಜಾಲರಿ ತೆಗೆಸಿ. ಗೂಬೆ ವಾಪಸ್ಸು ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಆದರೂ ತೆಗೆಸಿ.

ಯಾರೂ ನಗಲಿಲ್ಲ. ಒಂದು ಕ್ಷಣ ನನಗೆ ಧೈರ್ಯವೂ ಬಂತು. ಆಗ ಹಿಂದಿನ ಸಾಲಿನಿಂದ ಒಬ್ಬ ಅಂಕಲ್ ಕತ್ತು ಚಾಚಿ, ಪಕ್ಕದವರ ಮುಖ ನೋಡಿ, ನನ್ನನ್ನು ಕೇಳಿದರು:

"ಇದು ಯಾರ ವಾಯ್ಸೋ ಮಗಾ? ಗೊತ್ತಾಗ್ಲಿಲ್ಲ."

ಮಿಸ್ಸು ಯಾವಾಗಲೂ ಕೂರುತ್ತಿದ್ದ ಅಂಚಿನ ಕುರ್ಚಿಯತ್ತ ನನ್ನ ಕಣ್ಣು ತಾನಾಗಿಯೇ ಹೋಯಿತು. ಅದರ ಮೇಲೆ ಯಾರದೋ ಹೆಲ್ಮೆಟ್ಟು ಇತ್ತು.