ಗಟ್ಟಿ ಹಾಲು

ನಮ್ಮ ಬೀದಿಯಲ್ಲಿ ಅವಳು ಎಲ್ಲರಿಗೂ ಟೈಲರಕ್ಕ. ಅವಳಿಗಿಂತ ಹಿರಿಯರೂ ಹಾಗೆಯೇ ಕರೆಯುತ್ತಾರೆ. ಹೊಸ ಬಟ್ಟೆ ಹೊಲಿಯುವುದು ಕಡಿಮೆ. ಇರುವ ಬಟ್ಟೆಯನ್ನು ಇರುವ ಮೈಗೆ ಹೊಂದಿಸುವುದೇ ಅವಳ ಕಸುಬು. ಸೊರಗಿದವರಿಗೆ ಹಿಡಿದು ಹೊಲಿಯುತ್ತಾಳೆ, ಉಬ್ಬಿದವರಿಗೆ ಬಿಚ್ಚಿ ಸಡಿಲಿಸುತ್ತಾಳೆ. ಪ್ಯಾಂಟು ಹಿಡಿದು ಬಂದ ಗಂಡಸರ ಸೊಂಟಕ್ಕೆ ಟೇಪು ಸುತ್ತುತ್ತಾ, "ಒಳಗೆ ಇನ್ನೂ ಬಟ್ಟೆ ಇದೆ ಬಿಡಿ. ಆದ್ರೆ ಮುಂದಿನ ವರ್ಷ ನನ್ನ ಹತ್ರ ಬರ್ಬೇಡಿ, ಹೊಸ ಪ್ಯಾಂಟೇ ತಗೊಳ್ಳಿ" ಎನ್ನುತ್ತಾಳೆ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಮಿಷನ್ನಿನ ಹಿಂದೆಯೇ ಅಡುಗೆಮನೆಯ ಬಾಗಿಲು. ಕಾಲು ಪೆಡಲಿನ ಮೇಲಿದ್ದರೆ ಕಿವಿ ಒಲೆಯ ಮೇಲೆ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನು ಕೆಲಸಕ್ಕೆ ಹೋಗುತ್ತಾನೆ. ಅವಳು "ಮನೇಲೇ ಇರ್ತಾಳೆ". ದಿನವಿಡೀ ಬಗ್ಗಿದ ಬೆನ್ನಿಗೆ ಮನೆಯವರು ಇಟ್ಟ ಹೆಸರು ಅದು.

ಅವಳ ಒಬ್ಬಳೇ ಮಗಳು ಏಳನೇ ತಿಂಗಳಿಗೇ ಹುಟ್ಟಿದವಳು. ಶಾಲಾ ಸಮವಸ್ತ್ರಗಳ ದೊಡ್ಡ ರಾಶಿಯೊಂದನ್ನು ಹೊಲಿಯುತ್ತಿದ್ದಾಗ ಗರ್ಭದ ನೀರಿನ ಚೀಲ ಒಡೆದಿತ್ತು. ಸೋಂಕಿನಿಂದ ಹೀಗಾಗಿದೆ, ಕೆಲಸದಿಂದಲ್ಲ ಎಂದು ಆಸ್ಪತ್ರೆಯವರು ಬಿಡಿಸಿ ಹೇಳಿದರು. ಆ ಮಾತು ಆಸ್ಪತ್ರೆಯ ಗೇಟು ದಾಟಿ ಮನೆಗೆ ಬರಲಿಲ್ಲ.

"ಮಿಷನ್ ತುಳಿದೂ ತುಳಿದೂ ಮಗೂನ ಉದುರಿಸಿಬಿಟ್ಟೆಯಲ್ಲೇ" ಎಂದರು ಅತ್ತೆ.

ಅವಳೂ ಒಳಗೊಳಗೆ ಅದನ್ನೇ ನಂಬಿದಳು. ಗಾಜಿನ ಪೆಟ್ಟಿಗೆಯಲ್ಲಿ ಕೂಸು ಮಲಗಿತ್ತು, ಮೂಗಿಗೆ ನಳಿಕೆ. ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳು ತೆಳು ಚರ್ಮವನ್ನು ಒಳಗಿನಿಂದ ತಳ್ಳುತ್ತಿದ್ದವು. ತೊಡೆ ಅವಳ ಹೆಬ್ಬೆರಳಿಗಿಂತ ದಪ್ಪವಿರಲಿಲ್ಲ. ಕಣ್ಣು ಅಭ್ಯಾಸಬಲದಿಂದ ಅಳತೆ ತೆಗೆಯಲು ಹೋಗಿ ಸೋತಿತು; ಅಂಥ ಮೈಗೆ ಬಟ್ಟೆ ಕತ್ತರಿಸಿ ಅವಳಿಗೆ ಗೊತ್ತಿರಲಿಲ್ಲ. ಗಂಡ ಗಾಜಿಗೆ ಹಣೆ ಒತ್ತಿ "ಗುಬ್ಬಿ" ಎಂದ. ಆ ಹೆಸರೇ ನಿಂತಿತು.

ಮನೆಗೆ ಕಳಿಸುವ ದಿನ ನರ್ಸ್ ಎರಡು ಮಾತು ಹೇಳಿದಳು. "ಇವಳು ಹುಟ್ಟಬೇಕಾಗಿದ್ದ ದಿನದಿಂದ ವಯಸ್ಸು ಲೆಕ್ಕ ಹಾಕಿ, ಹುಟ್ಟಿದ ದಿನದಿಂದಲ್ಲ. ಬೇರೆ ಮಕ್ಕಳ ಜೊತೆ ಹೋಲಿಸಲೇಬೇಡಿ. ಮತ್ತೆ ಹಾಲಿನ ಪುಡಿ ಹಾಕುವಾಗ ಚಮಚದ ತಲೆ ಸವರಿ ಹಾಕ್ಬೇಕು. ಗುಡ್ಡೆ ಮಾಡ್ಬಾರ್ದು."

ಆದರೆ ಹೋಲಿಸಲು ದೂರ ಹೋಗಬೇಕಾಗಿಯೇ ಇರಲಿಲ್ಲ. ಮಹಡಿಯ ಮೇಲಿದ್ದ ಓರಗಿತ್ತಿಗೂ ಅದೇ ತಿಂಗಳು ಗಂಡುಮಗು ಹುಟ್ಟಿತ್ತು, ದಿನ ತುಂಬಿ. ಟೈಲರಕ್ಕ ಆ ಹುಡುಗನ ಎದೆ, ತೋಳು, ಉದ್ದ ಅಳೆದು ಅದೇ ಅಳತೆಗೆ ತನ್ನ ಮಗಳಿಗೆ ಅಂಗಿಗಳನ್ನು ಹೊಲಿದಳು. ಮೈ ಅಳೆಯದೆ ಯಾವ ಗಿರಾಕಿಯ ಬಟ್ಟೆಗೂ ಕತ್ತರಿ ಹಾಕದ ಹೆಂಗಸು, ಮಗಳ ಪಾಲಿಗೆ ಮೊದಲು ಬಟ್ಟೆ ಕತ್ತರಿಸಿ, ಆಮೇಲೆ ಮೈಯನ್ನು ಅದಕ್ಕೆ ಹೊಂದಿಸಲು ಹೊರಟಳು. ಅಂಗಿಯೊಳಗೆ ಗುಬ್ಬಿ ಕಳೆದೇ ಹೋಗುತ್ತಿದ್ದಳು.

"ಅಯ್ಯೋ, ಗೂಟಕ್ಕೆ ತೂಗುಹಾಕಿದ ಹಾಗಿದೆಯಲ್ಲೇ" ಎಂದು ಓರಗಿತ್ತಿ ನಕ್ಕಳು. ಕೆಟ್ಟ ಮನಸ್ಸಿನಿಂದ ನಕ್ಕಿದ್ದಲ್ಲ. ಅವತ್ತಿನಿಂದ ಚಮಚದ ಮೇಲೆ ಗುಡ್ಡೆ ಎದ್ದಿತು.

ಮಗು ತುಂಬಿಕೊಂಡಿತು. ತೂಕ ನೋಡುವ ದಿನ ಕ್ಲಿನಿಕ್ಕಿನವರಿಗೆಲ್ಲ ಖುಷಿ. "ಪುಡಿ ಹೇಳಿದಷ್ಟೇ ಹಾಕ್ತಿದೀರಲ್ವಾ?" ಎಂದು ನರ್ಸ್ ಕೇಳಿದಾಗ ಅವಳು ಹೂಂ ಎಂದಳು. ವರ್ಷ ಕಳೆಯುವಷ್ಟರಲ್ಲಿ ಓರಗಿತ್ತಿಯ ಮಗನ ಹೊಸ ಅಳತೆಗೆ ಹೊಲಿದ ಅಂಗಿಯೂ ಗುಬ್ಬಿಗೆ ಬಿಗಿಯಾಯಿತು. ಅತ್ತೆ ಮೊಮ್ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಬೀದಿಯೆಲ್ಲ ಸುತ್ತಿ ಬಂದರು. ಬೇಗ ಹುಟ್ಟಿದ್ದು ಸೊಸೆಯ ತಪ್ಪಿನಿಂದ, ಬೇಗ ಬೆಳೆದದ್ದು ತಮ್ಮ ಮನೆತನದ ರಕ್ತದಿಂದ ಎಂದು ಲೆಕ್ಕ ಚುಕ್ತಾ ಆಯಿತು.

ಗುಬ್ಬಿಗೆ ಈಗ ಹನ್ನೊಂದು. ಗುಂಡು ಕೆನ್ನೆ, ಗುಂಡು ತೋಳು. ಶಾಲೆಯಲ್ಲಿ "ಇವಳು ಕೂತರೆ ಕೊಂಬೆ ಮುರಿಯೋ ಗುಬ್ಬಿ" ಎನ್ನುತ್ತಾರೆ. ಅವಳೂ ಎಲ್ಲರಿಗಿಂತ ಮೊದಲು ತಾನೇ ನಕ್ಕುಬಿಡುತ್ತಾಳೆ. ಕಳೆದ ವರ್ಷ ಅವಳ ಕುತ್ತಿಗೆಯ ಹಿಂದೆ ಕಪ್ಪು ಪಟ್ಟಿಯೊಂದು ಮೂಡಿತು. ಕೊಳೆಯೆಂದುಕೊಂಡ ತಾಯಿ ಸೋಪು ಹಚ್ಚಿ ಬ್ರಷ್ಷಿನಿಂದ ತಿಕ್ಕಿದಳು.

"ಅಮ್ಮಾ, ಉರಿಯುತ್ತೆ."

"ಉರೀಲಿ. ಕಾಲರ್ ಒಳಗೆ ಕೊಳೆ ಇಟ್ಕೊಂಡು ಶಾಲೆಗೆ ಹೋದ್ರೆ ಜನ ನನ್ನ ಆಡ್ಕೋತಾರೆ."

ಶಾಲೆಯ ತಪಾಸಣೆಯಲ್ಲಿ ರಕ್ತದೊತ್ತಡ ಹೆಚ್ಚು ಬಂತು. ಮಕ್ಕಳ ಡಾಕ್ಟರಮ್ಮನ ಬಳಿಗೆ ಕರೆದೊಯ್ದರು. ಅವರು ಗುಬ್ಬಿಯ ಕಾಲರ್ ಸರಿಸಿ, ತರಚಿದ ಚರ್ಮದ ಮೇಲೆ ಮೆಲ್ಲಗೆ ಬೆರಳಾಡಿಸಿದರು.

"ಇದನ್ನ ಹೀಗೆ ತಿಕ್ಕಿದ್ಯಾರು?"

"ನಾನೇ ಮೇಡಂ. ಎಷ್ಟು ತಿಕ್ಕಿದ್ರೂ ಹೋಗ್ತಾ ಇಲ್ಲ."

"ಹೋಗಲ್ಲ ಅಮ್ಮ. ಇದು ಕೊಳೆ ಅಲ್ಲ, ಒಳಗಿಂದ ಬಂದಿದ್ದು. ಇವಳ ಮೈ ಸಕ್ಕರೆ ಅರಗಿಸೋಕೆ ಒದ್ದಾಡ್ತಾ ಇದೆ. ಅದು ಕುತ್ತಿಗೆ ಮೇಲೆ ಹೀಗೆ ಕಾಣಿಸಿಕೊಳ್ಳುತ್ತೆ."

ರಕ್ತ ಪರೀಕ್ಷೆ ಅದನ್ನೇ ಹೇಳಿತು. ಡಾಕ್ಟರಮ್ಮ ಹುಟ್ಟಿನ ಕತೆಯನ್ನೆಲ್ಲ ಕೇಳಿದರು. "ಅವಸರವಾಗಿ ಹುಟ್ಟಿದ ಮಕ್ಕಳಿಗೆ ಈ ಅಪಾಯ ಸ್ವಲ್ಪ ಹೆಚ್ಚೇ. ಆಮೇಲೆ ತೂಕವೂ ಅವಸರವಾಗಿ ಏರಿದ್ರೆ ಇನ್ನಷ್ಟು. ಹಾಗಂತ ಬೆಳೀದೇ ಇರೋ ಹಾಗೂ ಇಲ್ಲ, ಮೆದುಳು ಬೆಳೆಯೋಕೆ ಆಗ ಆಹಾರ ಬೇಕೇ ಬೇಕು. ಎಷ್ಟು ಸಾಕು, ಎಷ್ಟು ಹೆಚ್ಚು ಅನ್ನೋ ಗೆರೆ ಬಹಳ ಸಣ್ಣದು. ಇದು ನಿಮ್ಮ ತಪ್ಪು ಅಂತ ಯಾರೂ ಹೇಳೋಕಾಗಲ್ಲ."

ಯಾರೂ ಹೇಳಲಾರರು, ನಿಜ. ಚಮಚ ಹಿಡಿದಿದ್ದವಳು ಅವಳೊಬ್ಬಳೇ.

"ಇನ್ನೂ ಸಕ್ಕರೆ ಕಾಯಿಲೆ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ" ಎಂದರು ಡಾಕ್ಟರಮ್ಮ. "ಈಗಲಾದ್ರೆ ವಾಪಸ್ ಕಳಿಸಬಹುದು. ಮನೆಯವರೆಲ್ಲ ಒಟ್ಟಿಗೆ ಊಟ ಬದಲಾಯಿಸಿ, ಅವಳೊಬ್ಬಳದ್ದೇ ಅಲ್ಲ."

ಮನೆಯವರೆಲ್ಲ ಎಂದರೆ ಅವಳು ಎಂದು ಮನೆಯವರೆಲ್ಲ ಅರ್ಥಮಾಡಿಕೊಂಡರು. "ನಾನೇನು ರೋಗಿನಾ?" ಎಂದ ಗಂಡನಿಗೆ ಕರಿದದ್ದು ಬೇಕು, ಅತ್ತೆಗೆ ಸಿಹಿ ಬೇಕು, ಗುಬ್ಬಿಗೆ ಬೇಯಿಸಿದ ತರಕಾರಿ. ಒಲೆಯ ಮೇಲೆ ಪಾತ್ರೆಗಳು ಹೆಚ್ಚಿದವು, ಮಿಷನ್ನಿನ ಪಕ್ಕ ಹೊಲಿಯದ ಪ್ಯಾಂಟುಗಳೂ ಹೆಚ್ಚಿದವು. ಗುಬ್ಬಿ ಮಾತ್ರ ತಕರಾರು ಮಾಡಲಿಲ್ಲ. ಸಂಜೆ ಶಾಲೆಯಿಂದ ಬಸ್ಸು ಬಿಟ್ಟು ನಡೆದೇ ಬರತೊಡಗಿದಳು. ಅಜ್ಜಿ ತಟ್ಟೆಯಿಂದ ಎತ್ತಿ ಕೊಟ್ಟದ್ದನ್ನೂ "ಬೇಡ ಅಜ್ಜಿ" ಎಂದಳು.

ಬೆಳಗಿನ ಹಾಲು ಮಾತ್ರ ತಾಯಿಯ ಕೈಯಲ್ಲೇ ಉಳಿಯಿತು. ಕೆನೆ ತೆಗೆದು ಕೊಡಿ ಎಂದಿದ್ದರು. ಅವಳು ಕೆನೆ ತೆಗೆದು ಬಟ್ಟಲಿಗೆ ಹಾಕುತ್ತಿದ್ದಳು, ಲೋಟಕ್ಕೆ ತೆಳ್ಳನೆಯ ಹಾಲು ಬಗ್ಗಿಸುತ್ತಿದ್ದಳು. ಆಗ ಗಾಜಿನ ಪೆಟ್ಟಿಗೆಯ ಆ ಪಕ್ಕೆಲುಬುಗಳು ಕಣ್ಣೆದುರು ಬರುತ್ತಿದ್ದವು. ಎದುರಿಗೆ ಕೂತವಳ ಗುಂಡು ಕೆನ್ನೆ ಅವಳಿಗೆ ಕಾಣಿಸುತ್ತಲೇ ಇರಲಿಲ್ಲ. ಇಷ್ಟು ತೆಳು ಹಾಲು ಕುಡಿಸಿದರೆ ಮಗು ಉಳಿದೀತೇ? ಕೈ ತಾನಾಗಿಯೇ ಬಟ್ಟಲಿನ ಕೆನೆಯನ್ನು ಲೋಟಕ್ಕೆ ಸುರಿದು, ಸಕ್ಕರೆ ಹಾಕಿ ಕದಡುತ್ತಿತ್ತು. ನಾಳೆಯಿಂದ ಇಲ್ಲ ಎಂದುಕೊಳ್ಳುತ್ತಿದ್ದಳು. ಮರುದಿನವೂ ಹಾಗೇ ಎಂದುಕೊಳ್ಳುತ್ತಿದ್ದಳು. ಮಗಳು ಕೊನೆಯ ಗುಟುಕು ಕುಡಿಯುವವರೆಗೆ ನಿಂತೇ ಇದ್ದು, ಲೋಟ ತಾನೇ ತೊಳೆದಿಡುತ್ತಿದ್ದಳು.

ಕೆಲವು ತಿಂಗಳ ಬಳಿಕ ಮತ್ತೆ ಪರೀಕ್ಷೆಯಾಯಿತು. ಸಕ್ಕರೆ ಇಳಿದಿರಲಿಲ್ಲ, ಏರಿತ್ತು. ಅವತ್ತು ಸಂಜೆ ಡಿಪೋದಿಂದ ಬಂದ ಗಂಡ ಕೈಯ ಗ್ರೀಸನ್ನೂ ತೊಳೆಯದೆ ಮಗಳ ಶಾಲೆಯ ಚೀಲವನ್ನು ಊಟದ ಮೇಜಿನ ಮೇಲೆ ಬುಡಮೇಲು ಮಾಡಿದ.

"ಎಲ್ಲಿ ಕದ್ದು ತಿಂತೀಯ? ಹೇಳು. ಗಾಳಿ ಕುಡಿದು ಯಾರೂ ಊದಲ್ಲ."

ಪುಸ್ತಕ, ಪೆನ್ಸಿಲ್ ಡಬ್ಬಿ, ಖಾಲಿ ನೀರಿನ ಬಾಟಲಿ. ತಿನ್ನುವುದೇನೂ ಇರಲಿಲ್ಲ.

"ಮೇಲಿನ ಮನೇಲಿ ಬಿಸ್ಕತ್ತಿನ ಡಬ್ಬ ಬೇಗ ಖಾಲಿಯಾಗ್ತಿದೆ ಅಂತ ನಿಮ್ಮತ್ತಿಗೆ ಅಂತಿದ್ಳು" ಎಂದರು ಅತ್ತೆ ಮಗನಿಗೆ. "ನಾನು ಯಾರ ಹೆಸರೂ ಹೇಳಲ್ಲಪ್ಪ."

"ನಾನು ತಗೊಂಡಿಲ್ಲ" ಎಂದಳು ಗುಬ್ಬಿ.

"ಸುಳ್ಳು ಬೇರೆ! ನಿನಗೋಸ್ಕರ ನಿಮ್ಮಮ್ಮ ಎರಡೆರಡು ಅಡುಗೆ ಮಾಡಿ ಸಾಯ್ತಿದಾಳೆ. ಸ್ವಲ್ಪನಾದ್ರೂ ನಾಚಿಕೆ ಬೇಡ್ವಾ?"

ಗುಬ್ಬಿ ತಲೆ ತಗ್ಗಿಸಿದಳು. ಕಾಲರಿನ ಮೇಲೆ ಆ ಕಪ್ಪು ಪಟ್ಟಿ ಕಾಣಿಸಿತು. ಟೈಲರಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಈಗ ಸುಮ್ಮನಿದ್ದರೆ ಆಯಿತು. ಮಗಳು ಕಳ್ಳಿಯಾಗುತ್ತಾಳೆ, ತಾನು ಎರಡೆರಡು ಅಡುಗೆ ಮಾಡಿ ಸಾಯುವ ತಾಯಿಯಾಗಿಯೇ ಉಳಿಯುತ್ತಾಳೆ.

"ಅವಳನ್ನ ಬಿಡಿ" ಎಂದಳು. "ಕದ್ದವಳು ನಾನು."

"ನೀನೇನು ಕದ್ದೆ?"

"ದಿನಾ ಬೆಳಿಗ್ಗೆ ಅವಳ ಹಾಲಿಗೆ ಕೆನೆ ಹಾಕ್ತೀನಿ, ಸಕ್ಕರೆ ಹಾಕ್ತೀನಿ. ಡಾಕ್ಟ್ರು ಬೇಡ ಅಂದ ಮೇಲೂ ಹಾಕಿದೀನಿ. ಇವತ್ತೂ ಹಾಕಿದೀನಿ. ಕೂಸಾಗಿದ್ದಾಗ ಪುಡಿನೂ ಹೀಗೇ ಗುಡ್ಡೆಗಟ್ಟಲೆ ಹಾಕ್ತಿದ್ದೆ."

ಗಂಡ ಅವಳನ್ನು ಗುರುತು ಸಿಗದವನಂತೆ ನೋಡಿದ. "ನಿನಗೆ ತಲೆ ಕೆಟ್ಟಿದೆಯಾ?"

"ಇರಬಹುದು. ಕೆಟ್ಟಿದ್ದು ಕಾಣಿಸೋಕೆ ಬೆಳಿಗ್ಗೆ ಒಂದು ದಿನ ಅಡುಗೆಮನೆಗೆ ಬರಬೇಕಿತ್ತು ನೀವು."

"ನನಗೆ ಅವತ್ತೇ ಅನುಮಾನ ಇತ್ತು" ಎಂದು ಅತ್ತೆ ಬಾಯಿ ತೆರೆದರು.

"ಇರಲಿಲ್ಲ ಅತ್ತೆ. ಸಣ್ಣಗಿದ್ದಾಗ ನೀನು ಮಾಡಿದ್ದು ಅಂದ್ರಿ, ದಪ್ಪಗಾದಾಗ ನಮ್ಮ ರಕ್ತ ಅಂದ್ರಿ. ಇದಂತೂ ನಾನೇ ಮಾಡಿದ್ದು, ಯಾರಿಗೂ ಪಾಲು ಕೊಡಲ್ಲ. ರೀ, ಅವಳ ಹತ್ರ ತಪ್ಪಾಯ್ತು ಅನ್ನಿ."

ಗಂಡ ಗ್ರೀಸು ಮೆತ್ತಿದ ಕೈಯಲ್ಲಿ ಪುಸ್ತಕಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬತೊಡಗಿದ. ಗ್ರೀಸು ಹತ್ತುತ್ತೆ ಎಂದು ಗುಬ್ಬಿ ಚೀಲವನ್ನು ಅವನ ಕೈಯಿಂದ ಬಿಡಿಸಿಕೊಂಡು ಒಳಗೆ ಹೋದಳು. ತಾಯಿ ಹಿಂದೆಯೇ ಹೋದಳು. ಹಾಸಿಗೆಯ ಹೊದಿಕೆಯನ್ನು ಸರಿಮಾಡಿದಳು.

"ನನಗೆ ಗೊತ್ತಿತ್ತು" ಎಂದಳು ಗುಬ್ಬಿ.

"ಏನು?"

"ನೀನು ಕೊಡೋ ಹಾಲು ಗಟ್ಟಿ ಇರುತ್ತೆ. ದೊಡ್ಡಮ್ಮನ ಮನೇಲಿ ಹಾಗಿರಲ್ಲ."

"ಮತ್ತೆ ಯಾಕೆ ಕುಡಿದೆ? ಅಪ್ಪ ಅಷ್ಟು ಬೈದ್ರೂ ಯಾಕೆ ಹೇಳ್ಲಿಲ್ಲ?"

ಗುಬ್ಬಿ ಚೀಲದ ಜಿಪ್ಪನ್ನು ಎಳೆದಳು, ಬಿಚ್ಚಿದಳು. "ನಾನು ಕುಡಿದು ಮುಗಿಸೋವರೆಗೂ ನೀನು ಉಸಿರೇ ಬಿಡಲ್ವಲ್ಲಮ್ಮ."

ಟೈಲರಕ್ಕ ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟಳು. ಮಗುವನ್ನು ತಾನು ಉಳಿಸುತ್ತಿದ್ದೇನೆ ಎಂದುಕೊಂಡಿದ್ದಳು. ಮಗು ದಿನಾ ಬೆಳಿಗ್ಗೆ ತನ್ನನ್ನು ಉಳಿಸಲು ಕುಡಿಯುತ್ತಿತ್ತು.

"ನಾಳೆ ಡಾಕ್ಟ್ರ ಹತ್ರ ಹೋಗಿ ಎಲ್ಲಾ ಹೇಳ್ತೀನಿ" ಎಂದಳು.

"ಹೇಳು. ಹಾಲು ಮಾತ್ರ ನಾನೇ ಬಗ್ಗಿಸ್ಕೋತೀನಿ."

ಬೆಳಿಗ್ಗೆ ಗುಬ್ಬಿ ಒಲೆಯ ಮುಂದೆ ನಿಂತು, ಕೆನೆ ಸೋಸಿದ ಹಾಲನ್ನು ಲೋಟಕ್ಕೆ ಬಗ್ಗಿಸಿಕೊಂಡಳು. ಅರ್ಧವೂ ತುಂಬಲಿಲ್ಲ. ತಾಯಿಯ ಕೈ ಮುಂದೆ ಬಂತು.

"ಆ ಕಡೆ ತಿರುಗಮ್ಮ. ನೋಡ್ಬೇಡ."

ಅವಳು ಸಿಂಕಿನ ಕಡೆ ತಿರುಗಿ ನಿಂತಳು. ಬೆನ್ನ ಹಿಂದೆ ಮಗಳು ಕುಡಿಯುವ ಸದ್ದು. ಗುಟುಕುಗಳನ್ನು ತಾನು ಎಣಿಸುತ್ತಿದ್ದೇನೆಂದು ಅರಿವಾದಾಗ, ತೊಳೆಯುವ ಪಾತ್ರೆ ಒಂದೂ ಇಲ್ಲದಿದ್ದರೂ, ನಲ್ಲಿಯನ್ನು ಪೂರ್ತಿ ತಿರುಗಿಸಿದಳು.